ವಾರಸುದಾರರಿಲ್ಲದ ತೋಟ

ಅಡ್ಯಾರ್ ನದಿ ಸಮುದ್ರ ಸೇರುವ ಜಾಗಕ್ಕೆ ಕೂಗಳತೆಯಲ್ಲಿ 27 ಎಕರೆ ಜಮೀನು. ನಡುವೆ ಹೊಳೆಗೆ ಮುಖ ಮಾಡಿದ ದೊಡ್ಡ ಬಂಗಲೆ, ದಡದಲ್ಲಿ ಇನ್ನೆರಡು ಚಿಕ್ಕ ಬಂಗಲೆ, ಇಟ್ಟಿಗೆಯ ಕುದುರೆ ಲಾಯ, ಸಾರೋಟು ನಿಲ್ಲಿಸುವ ಕೊಟ್ಟಿಗೆ, ಉಗ್ರಾಣಗಳು, ಈಜುಕೊಳ, ಹಳೆಯ ಮಾವು-ಆಲಗಳ ಸಾಲು, ಸರ್ವೆ ತೋಪು. 1882ರಲ್ಲಿ ಇದೆಲ್ಲವೂ ಸೇರಿ ಸುಮಾರು 9,000 ರೂಪಾಯಿಗೆ ಮಾರಾಟವಾಯಿತು. ಕಟ್ಟಡಗಳನ್ನು ಕೆಡವಿ ಮರಮುಟ್ಟು, ಇಟ್ಟಿಗೆಗಳನ್ನು ಮಾರಿದ್ದರೂ ಹೆಚ್ಚುಕಡಿಮೆ ಅಷ್ಟು ಹಣ ಹುಟ್ಟುತ್ತಿತ್ತು ಎಂದು ಕೊಂಡವರೇ ಆಮೇಲೆ ಬರೆದಿಟ್ಟರು.

ಅಷ್ಟು ಅಗ್ಗಕ್ಕೆ ಕಾರಣವಾದದ್ದು ಊಟಿ. ರೈಲು ಹಳಿ ನೀಲಗಿರಿಯ ಬುಡ ಮುಟ್ಟಿದ ಮೇಲೆ ಮದ್ರಾಸಿನ ದೊಡ್ಡ ಅಧಿಕಾರಿಗಳು ವರ್ಷದ ಅರ್ಧ ಭಾಗ ಬೆಟ್ಟದ ತಂಪಿನಲ್ಲೇ ಕಳೆಯತೊಡಗಿದರು. ಸೆಕೆಯಿಂದ ತಪ್ಪಿಸಿಕೊಳ್ಳಲು ಹೊಳೆದಂಡೆಯಲ್ಲಿ ಕಟ್ಟಿಸಿಕೊಂಡ ಬಂಗಲೆಗಳು ಖಾಲಿ ಬಿದ್ದವು, ಕೇಳುವವರೇ ಇಲ್ಲವಾದರು. ಆ ಹೊತ್ತಿಗೆ ಬೊಂಬಾಯಿಯಿಂದ ಮನೆ ಹುಡುಕಿಕೊಂಡು ಬಂದವರು ಇಬ್ಬರು: ಅಮೆರಿಕದ ನಿವೃತ್ತ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ಮತ್ತು ರಷ್ಯಾದ ಹೆಲೆನಾ ಬ್ಲಾವಟ್‌ಸ್ಕಿ. 1875ರಲ್ಲಿ ನ್ಯೂಯಾರ್ಕಿನಲ್ಲಿ ತಾವು ಹುಟ್ಟುಹಾಕಿದ ಥಿಯಾಸಫಿಕಲ್ ಸೊಸೈಟಿಗೆ, ನಮ್ಮವರ ಮಾತಿನಲ್ಲಿ ಬ್ರಹ್ಮವಿದ್ಯಾ ಸಮಾಜಕ್ಕೆ, ಒಂದು ಕಾಯಂ ನೆಲೆ ಬೇಕಿತ್ತು. 1882ರ ಡಿಸೆಂಬರಿನಲ್ಲಿ ಅವರು ಗಂಟುಮೂಟೆ ಸಮೇತ ಇಲ್ಲಿಗೆ ಬಂದಿಳಿದರು. ಸಮಾಜದ ವಿಶ್ವ ಕೇಂದ್ರ ಇಂದಿಗೂ ಇದೇ ತೋಟದಲ್ಲಿದೆ.

ತೋಟದ ಹಳೆಯ ಹೆಸರು ಹಡಲ್‌ಸ್ಟನ್ ಗಾರ್ಡನ್ಸ್. ಅದೇ ಹೆಸರಿನ ಒಬ್ಬ ಮದ್ರಾಸ್ ಅಧಿಕಾರಿ ಕನ್ನಡನಾಡಿನ ಚರಿತ್ರೆಯಲ್ಲೂ ಸಿಗುತ್ತಾನೆ. 1784ರ ಮಾರ್ಚಿನಲ್ಲಿ ಟಿಪ್ಪು ಸುಲ್ತಾನನೊಂದಿಗೆ ಮಂಗಳೂರು ಒಪ್ಪಂದ ಮಾಡಿಕೊಳ್ಳಲು ಕಂಪನಿ ಸರ್ಕಾರ ಕಳಿಸಿದ ಮೂವರಲ್ಲಿ ಜಾನ್ ಹಡಲ್‌ಸ್ಟನ್ ಒಬ್ಬ. (ಮಂಗಳೂರಿನವರಿಗೆ ಅಡ್ಯಾರ್ ಎಂದರೆ ಮೊದಲು ನೆನಪಾಗುವುದು ನೇತ್ರಾವತಿ ದಂಡೆಯ ತಮ್ಮ ಅಡ್ಯಾರ್. ಇದು ಬೇರೆ.)

ಮದ್ರಾಸಿನ ತೋಟದ ಬಂಗಲೆಗಳ ಕಥೆಗೂ ಮೈಸೂರಿಗೂ ನಂಟಿದೆ. ಆರಂಭದಲ್ಲಿ ಕಂಪನಿಯವರು ಕೋಟೆಯೊಳಗೇ ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು. ಹೊರಗೆ ಮನೆ ಕಟ್ಟಲು ಅಂಜಿಕೆ. 1769ರಲ್ಲಿ ಹೈದರಾಲಿಯ ಕುದುರೆಪಡೆ ಮದ್ರಾಸಿನ ಹೊಸ್ತಿಲವರೆಗೆ ನುಗ್ಗಿ ಕಂಪನಿಯನ್ನು ಸಂಧಾನಕ್ಕೆ ಕೂರಿಸಿತ್ತು. 1780ರ ಯುದ್ಧದಲ್ಲಿ ಅದೇ ಭಯ ಮರಳಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಅಂಜಿಕೆ ಹೋಯಿತು. ಕೋಟೆಯಿಂದ ಅಡ್ಯಾರ್ ನದಿಯವರೆಗೂ ತೋಟ, ತೋಟದ ನಡುವೆ ಕಂಬಸಾಲಿನ ಬಿಳಿ ಮನೆ, ಹೀಗೆ ಊರು ಬೆಳೆಯಿತು.

ಆ ಬಿಳುಪಿನ ಗುಟ್ಟು ಗಾರೆಯಲ್ಲಿತ್ತು. ಕಡಲ ಚಿಪ್ಪುಗಳನ್ನು ಸುಟ್ಟು ತೆಗೆದ ಸುಣ್ಣವನ್ನು ನುಣ್ಣಗೆ ಅರೆದು, ಮೊಟ್ಟೆಯ ಬಿಳಿ ಲೋಳೆ ಬೆರೆಸಿ, ಗೋಡೆಗೆ ಪದರ ಪದರವಾಗಿ ಬಳಿದು ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ಒಣಗಿದ ಮೇಲೆ ಅಮೃತಶಿಲೆಯೇ ಎಂದು ನೋಡಿದವರು ಮೋಸಹೋಗುತ್ತಿದ್ದರು. ಮೇಲೆ ತೇಗದ ತೊಲೆಗಳು, ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚು ಕೆಳಗಾಗಿ ಓರೆಸಾಲಿನಲ್ಲಿ ಒತ್ತಿ ಕೂರಿಸಿ ಗಾರೆ ಹಾಕಿದ ಚಾವಣಿ. ಅದೇ ಬೆಂಗಳೂರು, ಮೈಸೂರಿನ ಹಳೆಯ ಮನೆಗಳವರು ಇಂದಿಗೂ ಹೇಳುವ ‘ಮದ್ರಾಸ್ ತಾರಸಿ’.

ಅಂಥ ಮನೆಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಹೊಳೆಯ ಆಚೆ ದಡದಲ್ಲಿ ಜಾರ್ಜ್ ಮೌಬ್ರೆ ಎಂಬ ಅಧಿಕಾರಿಯ ಗುಮ್ಮಟದ ಮನೆ ಈಗ ಮದ್ರಾಸ್ ಕ್ಲಬ್. ಜೇಮ್ಸ್ ಬ್ರೋಡಿ ಕಟ್ಟಿಸಿದ ‘ಬ್ರೋಡಿ ಕ್ಯಾಸಲ್’ನಲ್ಲಿ ಸರ್ಕಾರಿ ಸಂಗೀತ ಕಾಲೇಜು ನಡೆಯುತ್ತಿದೆ, ಮನೆಯೊಡೆಯ ಮಾತ್ರ ಅದೇ ಹೊಳೆಯಲ್ಲಿ ಮುಳುಗಿ ಸತ್ತ. ಮಿಕ್ಕ ಬಹುಪಾಲು ತೋಟಗಳು ಮಕ್ಕಳು, ಮೊಮ್ಮಕ್ಕಳ ಪಾಲಾಗಿ, ಸೈಟುಗಳಾಗಿ, ರಸ್ತೆಯ ಹೆಸರಾಗಿ ಕರಗಿದವು. ಪೈಕ್ರಾಫ್ಟ್ಸ್ ಗಾರ್ಡನ್, ಮೆಕೇಸ್ ಗಾರ್ಡನ್ ಎಂಬ ಫಲಕಗಳ ಹಿಂದೆ ಈಗ ತೋಟವಿಲ್ಲ, ಅಪಾರ್ಟ್‌ಮೆಂಟುಗಳಿವೆ.

ಹಡಲ್‌ಸ್ಟನ್ ತೋಟದ ಪಾಡು ಇದಕ್ಕೆ ಪೂರ್ತಿ ತಿರುವುಮುರುವು. ಅದು ಕುಗ್ಗುವ ಬದಲು ಹಿಗ್ಗಿತು. 1907ರಿಂದ 1933ರವರೆಗೆ ಸಮಾಜದ ಅಧ್ಯಕ್ಷೆಯಾಗಿದ್ದ ಆನಿ ಬೆಸೆಂಟ್ ಅಕ್ಕಪಕ್ಕದ ತೋಟಗಳನ್ನು ಒಂದೊಂದಾಗಿ ಕೊಂಡು ಸೇರಿಸಿದರು. ಬ್ಲಾವಟ್‌ಸ್ಕಿ ಗಾರ್ಡನ್ಸ್, ಆಲ್ಕಾಟ್ ಗಾರ್ಡನ್ಸ್, ಬೆಸೆಂಟ್ ಗಾರ್ಡನ್ಸ್, ದಾಮೋದರ ಗಾರ್ಡನ್ಸ್ ಎಂದು ಹೆಸರಿಟ್ಟುಕೊಂಡು 27 ಎಕರೆ 250 ಎಕರೆಯನ್ನೂ ದಾಟಿತು. ಇಷ್ಟು ದೊಡ್ಡ ಹಸುರು ಇಂದಿನ ಚೆನ್ನೈಯ ನಟ್ಟನಡುವೆ ಉಳಿದದ್ದು ಯಾರ ಪುಣ್ಯದಿಂದ ಎಂದು ಕೇಳಿದರೆ ಉತ್ತರ ಸರಳ. ಇದಕ್ಕೆ ಪಾಲು ಕೇಳುವ ಮಕ್ಕಳಿರಲಿಲ್ಲ. ತೋಟ ಒಂದು ಸಮಾಜದ ಸ್ವತ್ತು, ಅದನ್ನು ಹರಿದು ಹಂಚಿಕೊಳ್ಳುವ ವಾರಸುದಾರರು ಹುಟ್ಟಲೇ ಇಲ್ಲ.

ಒಳಗೆ ಕಾಲಿಟ್ಟವರು ಸಾಮಾನ್ಯವಾಗಿ ಮೊದಲು ಕೇಳುವುದು ಆಲದ ಮರದ ದಾರಿಯನ್ನು. ವಯಸ್ಸು ಸುಮಾರು 450 ವರ್ಷ ಎನ್ನುತ್ತಾರೆ. ಹಾಗಿದ್ದರೆ ಇಂಗ್ಲಿಷರು ಮದ್ರಾಸಿನ ಕೋಟೆಗೆ ಮೊದಲ ಕಲ್ಲು ಇಡುವಾಗಲೇ ಈ ಮರಕ್ಕೆ ಪ್ರಾಯ ಬಂದಿತ್ತು. ಆನಿ ಬೆಸೆಂಟ್, ಗಾಂಧೀಜಿ, ಜಿಡ್ಡು ಕೃಷ್ಣಮೂರ್ತಿ ಈ ನೆರಳಿನಲ್ಲಿ ಮಾತಾಡಿದ್ದಾರೆ. ಸಾವಿರಾರು ಜನ ಕೂತು ಕೇಳಿದ್ದಾರೆ.

1989ರ ಬಿರುಗಾಳಿಗೆ ಮರದ ತಾಯಿಕಾಂಡ ಉರುಳಿತು. ಎತ್ತಿ ನಿಲ್ಲಿಸಿ ಮತ್ತೆ ಬೇರೂರಿಸುವ ಯತ್ನ ಫಲಿಸಲಿಲ್ಲ. ಆದರೂ ಮರ ಸಾಯಲಿಲ್ಲ. ಬೆಂಗಳೂರಿನವರಿಗೆ ಇದು ಗೊತ್ತಿರುವ ವಿಷಯವೇ. ರಾಮೋಹಳ್ಳಿ ಬಳಿ ಕೇತೋಹಳ್ಳಿಯ ದೊಡ್ಡ ಆಲದ ಮರವೂ ಮೂಲ ಬುಡ ಕಳೆದುಕೊಂಡು ಸುಮಾರು ಮೂರು ಎಕರೆಯಲ್ಲಿ ಹಬ್ಬಿ ನಿಂತಿದೆ. ಆಲದ ಬದುಕೇ ಹಾಗೆ. ಅಡ್ಡಕೊಂಬೆಯಿಂದ ಮೊದಲು ಇಳಿಯುವುದು ಕೂದಲಿನಂಥ ಎಳೆಗಳ ಒಂದು ಕುಚ್ಚು, ಕಂದು ಬಣ್ಣ, ತುದಿ ಮಾತ್ರ ತಿಳಿ ಹಳದಿ, ಮುಟ್ಟಿದರೆ ಮೆತ್ತಗೆ. ಗಾಳಿಯಲ್ಲಿ ತೂಗುತ್ತಿರುವಷ್ಟು ದಿನ ಅದು ಬರೀ ದಾರ. ನೆಲ ಮುಟ್ಟಿ ಮಣ್ಣು ಕಚ್ಚಿದ ಮೇಲೆ ಬಿಗಿಯುತ್ತದೆ, ತೊಗಟೆ ಕಟ್ಟುತ್ತದೆ, ವರ್ಷ ಕಳೆದಂತೆ ಮೇಲಿನ ಕೊಂಬೆಗೆ ಕಂಬವಾಗುತ್ತದೆ. ಹಳೆಯ ಆಲಗಳನ್ನು ನೋಡಿಕೊಳ್ಳುವವರು ಎಳೆಯ ಬಿಳಲನ್ನು ಬಿದಿರಿನ ಕೊಳವೆಯೊಳಗೆ ಇಳಿಬಿಟ್ಟು, ಒಳಗೆ ಮಣ್ಣು ಗೊಬ್ಬರ ತುಂಬಿ, ದನಕರು ಮತ್ತು ಜನರ ಕೈಗೆ ಸಿಗದಂತೆ ನೆಲಕ್ಕೆ ತಲುಪಿಸುತ್ತಾರೆ. ಅಡ್ಯಾರಿನಲ್ಲಿ ಈಗ ‘ಮರ’ ಎಂದು ನಾವು ನೋಡುವುದು ಅಂಥ ನೂರಾರು ಬಿಳಲುಗಳ ಕಾಡನ್ನು. ನಡುವೆ ತಾಯಿಕಾಂಡವಿದ್ದ ಜಾಗ ಬಯಲು.

ದಾರಿಯುದ್ದಕ್ಕೂ ಮಹಾಗನಿ ಸಾಲು, ತೆಂಗು, ಮಾವು. ಮರಳು ನೆಲ, ಉಪ್ಪುಗಾಳಿ. ಹೀಗಿರುವಲ್ಲಿ ಇಷ್ಟು ಬಗೆಯ ಮರ ನಿಂತಿರುವುದೇ ನೂರಾರು ತೋಟದಾಳುಗಳ ದುಡಿಮೆಗೆ ಸಾಕ್ಷಿ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಯನ್ನು ಅಪ್ಪಳಿಸಿದಾಗ ಇಲ್ಲಿಯೂ ಬಹಳಷ್ಟು ಮರಗಳು ಬುಡಮೇಲಾದವು. ಎಲ್ಲ ತೆರವಾಗುವವರೆಗೂ ತೋಟ ಹೊರಗಿನವರಿಗೆ ಮುಚ್ಚಿತ್ತು. ಆ ಗಾಯದ ಗುರುತು ಸಾಲಿನ ನಡುನಡುವೆ ಬಿಟ್ಟುಹೋದ ಜಾಗಗಳಲ್ಲಿ, ಅಲ್ಲಿ ನೆಟ್ಟ ಎಳೆಯ ಸಸಿಗಳಲ್ಲಿ ಕಾಣುತ್ತದೆ.

ಮರಗಳ ಸಂದಿಯಲ್ಲಿ ಒಂದೊಂದೇ ಗುಡಿ ಎದುರಾಗುತ್ತದೆ. ಹಿಂದೂ ದೇವಾಲಯ, ತಾವರೆಕೊಳದ ಎದುರು ಬೌದ್ಧ ಗುಡಿ, ಪಾರ್ಸಿಗಳ ಪ್ರಾರ್ಥನಾ ಮಂದಿರ, ಕ್ರೈಸ್ತರ ಇಗರ್ಜಿ, ಮಸೀದಿ, ಸಿಖ್ಖರ ಮಂದಿರ. ಯಾವುದೂ ದೊಡ್ಡದಲ್ಲ, ಹತ್ತಿಪ್ಪತ್ತು ಜನ ಸೇರಿದರೆ ತುಂಬಿಹೋಗುವಂಥವು. ಇವುಗಳ ವಿಶೇಷ ಅರಿವಾಗಬೇಕಾದರೆ ಯುರೋಪಿನ ಕಡೆ ಒಮ್ಮೆ ತಿರುಗಿ ನೋಡಬೇಕು.

ಹದಿನೆಂಟನೆಯ ಶತಮಾನದ ಪೋಲೆಂಡಿನಲ್ಲಿ ಶ್ರೀಮಂತ ಮನೆತನಗಳು ಹಳ್ಳಿಗಾಡಿನ ಅರಮನೆಗಳ ಸುತ್ತ ಕಾಡಿನಂತೆ ತೋರುವ ತೋಟಗಳನ್ನು ಬೆಳೆಸಿದವು. ನೇರ ಪಾತಿ, ಕತ್ತರಿಸಿದ ಬೇಲಿಗಳನ್ನು ಬಿಟ್ಟು ಡೊಂಕು ದಾರಿ, ಕೆರೆ, ಮರಗಳ ಗುಂಪು, ನಡುವೆ ಒಂದು ಗುಡಿ. ನ್ಯೆಬೊರುಫ್ ಅರಮನೆಯ ಬಳಿ ಹೆಲೆನಾ ರಾಜಿವಿಲ್ 1778ರಲ್ಲಿ ಶುರುಮಾಡಿದ ‘ಅರ್ಕಾಡಿಯಾ’ ತೋಟದ ಕೆರೆದಂಡೆಯಲ್ಲಿ ರೋಮನ್ ದೇವತೆ ಡಯಾನಾಳ ಗುಡಿಯಿದೆ. ಅಲ್ಲಿ ಯಾರೂ ಪೂಜೆ ಮಾಡಲಿಲ್ಲ. ನೀರಿನಲ್ಲಿ ಅದರ ನೆರಳು ಚೆಂದ ಕಾಣಲಿ ಎಂದು ಕಟ್ಟಿದ್ದು. ಅಡ್ಯಾರಿನ ಗುಡಿಗಳನ್ನು ಕಟ್ಟಿದ್ದು ಪ್ರಾರ್ಥನೆಗೆ. ಸಮಾಜದ ದೊಡ್ಡ ಸಭೆಗಳು ಬೇರೆ ಬೇರೆ ಧರ್ಮಗಳ ಪ್ರಾರ್ಥನೆಯಿಂದಲೇ ಮೊದಲಾಗುತ್ತವೆ. ನೋಟಕ್ಕೆಂದು ಕಟ್ಟಿದ ಗುಡಿ ಮತ್ತು ಕೈಮುಗಿಯಲೆಂದು ಕಟ್ಟಿದ ಗುಡಿ, ಎರಡನ್ನೂ ಕಂಡವರಿಗೆ ಅಡ್ಯಾರ್ ಹೆಚ್ಚು ಅರ್ಥವಾಗುತ್ತದೆ.

ಹಾಗೆಂದು ಪೋಲೆಂಡಿನ ತೋಟಗಳೆಲ್ಲ ಬರೀ ಶೋಕಿ ಎಂದರೆ ತಪ್ಪಾದೀತು. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಪೋಲೆಂಡನ್ನು ಭೂಪಟದಿಂದಲೇ ಅಳಿಸಿದವು. ಆಗ ಇಝಬೆಲಾ ಚಾರ್ತೊರಿಸ್ಕಾ ಪುವಾವಿಯ ತನ್ನ ಅರಮನೆಯ ತೋಟದಲ್ಲಿ ‘ಸಿಬಿಲ್ ಗುಡಿ’ ಕಟ್ಟಿಸಿ, ಕಳೆದುಹೋದ ದೇಶದ ನೆನಪಿನ ವಸ್ತುಗಳನ್ನು ಅದರಲ್ಲಿ ಕೂಡಿಟ್ಟಳು. 1801ರಲ್ಲಿ ತೆರೆದ ಅದೇ ಪೋಲೆಂಡಿನ ಮೊದಲ ವಸ್ತುಸಂಗ್ರಹಾಲಯ. ರಾಜ್ಯ ಕಳೆದುಕೊಂಡವರು ತೋಟದಲ್ಲಿ ಸೇರಿ ದೇಶವನ್ನು ನೆನೆದರು.

ಅಡ್ಯಾರಿನ ತೋಟವೂ ಅಂಥ ಕೆಲಸಕ್ಕೆ ಜಾಗವಾಯಿತು. 1884ರ ಡಿಸೆಂಬರಿನಲ್ಲಿ ಇಲ್ಲಿನ ಅಧಿವೇಶನಕ್ಕೆ ಬಂದವರಲ್ಲಿ ಕೆಲವರು ಮದ್ರಾಸಿನ ದಿವಾನ್ ಬಹದ್ದೂರ್ ರಘುನಾಥ ರಾವ್ ಅವರ ಮನೆಯಲ್ಲಿ ಕೂಡಿ ಅಖಿಲ ಭಾರತ ಸಂಘಟನೆಯೊಂದರ ಮಾತು ತೆಗೆದರು, ಮರುವರ್ಷ ಹುಟ್ಟಿದ ಕಾಂಗ್ರೆಸ್ಸಿಗೆ ಅದೂ ಬೀಜ ಎಂದು ಬೆಸೆಂಟ್ ಬರೆದಿದ್ದಾರೆ. ಅವರ ಹೋಂ ರೂಲ್ ಚಳವಳಿಯ ಕೇಂದ್ರ ಇದೇ. ಕೆರಳಿದ ಸರ್ಕಾರ 1917ರ ಜೂನಿನಲ್ಲಿ 69 ವರ್ಷದ ಅವರನ್ನು ಊಟಿಯಲ್ಲಿ ಗೃಹಬಂಧನದಲ್ಲಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷೆಯಾಗಿ ಕೂತಿದ್ದರು. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಹುಟ್ಟಿದ್ದೂ 1917ರಲ್ಲೇ, ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಹಂಬಲದಿಂದ. ಮಂಗಳೂರಿನ ಕೊಡಿಯಾಲಬೈಲಿನ ಶಾಲೆ ಅವರ ಹೆಸರನ್ನೇ ಹೊತ್ತಿದೆ. ಅದರ ಮೊದಲ ದಿನಗಳಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ದುಡಿದ ಮಾರ್ಗರೆಟ್ ಕಸಿನ್ಸ್ ಅಡ್ಯಾರಿನ ಬಳಗದವರು.

ಮಾರ್ಗರೆಟರ ಗಂಡ ಜೇಮ್ಸ್ ಕಸಿನ್ಸ್ ಐರಿಷ್ ಕವಿ. 1915ರಲ್ಲಿ ಬೆಸೆಂಟರ ಪತ್ರಿಕೆಯ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಅವರಿಂದ ಕನ್ನಡಕ್ಕೆ ಆದ ಉಪಕಾರವನ್ನು ಅಡ್ಯಾರಿನ ಯಾವ ಫಲಕವೂ ಹೇಳುವುದಿಲ್ಲ, ಆದರೆ ಕನ್ನಡಿಗರು ಮರೆತಿಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಕಸಿನ್ಸರಿಗೆ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಒಬ್ಬ ಹುಡುಗ ಹೋದ. ಓದಿ ನೋಡಿದ ಕಸಿನ್ಸ್, ನಿನ್ನ ತಾಯ್ನುಡಿಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದರು, ಕನ್ನಡದಲ್ಲಿ ಬರೆ ಎಂದು ಹೇಳಿ ಕಳಿಸಿದರು. ಆ ಹುಡುಗ ಕುವೆಂಪು. ಹಡಲ್‌ಸ್ಟನ್ ತೋಟದ ದಾರಿಯಲ್ಲಿ ನಡೆಯುವ ಕನ್ನಡಿಗರು ಈ ಒಂದು ಸಂಗತಿಯನ್ನು ಜೊತೆಗೆ ಒಯ್ಯಬೇಕು.

ಹೊಳೆ ಸಮುದ್ರ ಸೇರುವ ಮರಳದಂಡೆಯಲ್ಲಿ 1909ರಲ್ಲಿ ಇನ್ನೊಬ್ಬ ಹುಡುಗನ ಬದುಕು ತಿರುಗಿತು. ಮದನಪಲ್ಲಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿಯ ತಂದೆ ಅದೇ ವರ್ಷದ ಜನವರಿಯಲ್ಲಿ ಸಮಾಜದ ಕಚೇರಿ ಕೆಲಸಕ್ಕೆ ಸೇರಿದ್ದರು. ಸಮುದ್ರದ ದಂಡೆಯಲ್ಲಿ ಆಡುತ್ತಿದ್ದ ಬಡಕಲು ಹುಡುಗನನ್ನು ಸಮಾಜದ ಹಿರಿಯ ಲೆಡ್‌ಬೀಟರ್ ಕಂಡು, ಮುಂದೆ ಜಗದ್ಗುರು ಆಗುವವನು ಇವನೇ ಎಂದು ಸಾರಿದರು. ಇಪ್ಪತ್ತು ವರ್ಷ ಆ ಪಟ್ಟಕ್ಕೆಂದೇ ಬೆಳೆದ ಕೃಷ್ಣಮೂರ್ತಿ 1929ರ ಆಗಸ್ಟ್ 3ರಂದು ಹಾಲೆಂಡಿನ ಒಮ್ಮೆನ್ನಿನಲ್ಲಿ, ಸಾವಿರಾರು ಅನುಯಾಯಿಗಳ ಮುಂದೆ, ತನಗಾಗಿ ಕಟ್ಟಿದ ಸಂಘಟನೆಯನ್ನು ತಾನೇ ವಿಸರ್ಜಿಸಿದರು. 1933ರ ನಂತರ ಈ ತೋಟಕ್ಕೆ ಕಾಲಿಡಲಿಲ್ಲ. 47 ವರ್ಷಗಳ ಮೇಲೆ, 1980ರ ನವೆಂಬರಿನಲ್ಲಿ, ಆಗಿನ ಅಧ್ಯಕ್ಷೆ ರಾಧಾ ಬರ್ನಿಯರ್ ಕರೆದಾಗ ಮತ್ತೆ ಬಂದರು, ಮರಗಳ ನಡುವೆ ನಡೆದು ಸಮುದ್ರದವರೆಗೂ ಹೋದರು. ಆಮೇಲೆ ಮದ್ರಾಸಿನಲ್ಲಿದ್ದಾಗಲೆಲ್ಲ ಸಂಜೆಯ ನಡಿಗೆಗೆ ಅದೇ ದಂಡೆ.

1939ರಲ್ಲಿ ಶಿಕ್ಷಕರ ತರಬೇತಿಗೆಂದು ಬಂದ ಇಟಲಿಯ ಮಾರಿಯಾ ಮಾಂಟೆಸೊರಿ ಕೆಲವು ತಿಂಗಳಲ್ಲಿ ಹಿಂದಿರುಗಬೇಕಿತ್ತು. ಇಟಲಿ ಯುದ್ಧಕ್ಕಿಳಿದ ಕಾರಣ ‘ಶತ್ರುದೇಶದವರು’ ಎಂದು ಮಗ ಮಾರಿಯೊನನ್ನು ಸರ್ಕಾರ ಬಂಧಿಸಿತು, ತಾಯಿಯನ್ನು ತೋಟದೊಳಗೇ ಇರಿಸಿತು. 1940ರ ಆಗಸ್ಟ್ 31, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಮಗನ ಬಿಡುಗಡೆಯ ಸುದ್ದಿ ಬಂತು. ಯುದ್ಧ ಮುಗಿಯುವವರೆಗೂ ಅವರು ಭಾರತದಲ್ಲೇ ಉಳಿದರು. ನಮ್ಮೂರುಗಳ ಬೀದಿಬೀದಿಯಲ್ಲಿ ‘ಮಾಂಟೆಸೊರಿ’ ಎಂಬ ಫಲಕ ಕಾಣುವುದರ ಹಿಂದೆ ಆ ವರ್ಷಗಳಿವೆ.

ಪೋಲೆಂಡಿನಿಂದಲೂ ಒಬ್ಬರು ಬಂದಿದ್ದರು. ವಾಂಡಾ ಡಿನೋವ್‌ಸ್ಕಾ ತಮ್ಮ ದೇಶದಲ್ಲಿ ಬ್ರಹ್ಮವಿದ್ಯಾ ಸಮಾಜವನ್ನು ಕಟ್ಟಿದವರು, 1935ರಲ್ಲಿ ಭಾರತಕ್ಕೆ ಬಂದು ಉಮಾದೇವಿ ಎಂಬ ಹೆಸರಿನಲ್ಲಿ ಇಲ್ಲಿಯವರೇ ಆದರು. ಭಗವದ್ಗೀತೆಯನ್ನು ಪೋಲಿಷ್ ಭಾಷೆಗೆ ತಂದರು. 1944ರಲ್ಲಿ ಅವರು ಮದ್ರಾಸಿನಲ್ಲಿ ಶುರುಮಾಡಿದ ಪೋಲಿಷ್-ಭಾರತೀಯ ಗ್ರಂಥಮಾಲೆಗೆ ಹೆಗಲು ಕೊಟ್ಟವರು ವಾರ್ಸಾದ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್. ಸರ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಕರೆಸಿಕೊಂಡಿದ್ದ ಅದೇ ಫ್ರೀಡ್‌ಮನ್. ಉಮಾದೇವಿ 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಗೇಟಿನ ಹೊರಗೆ ಬೆಸೆಂಟ್ ಅವೆನ್ಯೂ ಹಿಡಿದು ನಡೆದರೆ ಬೆಸೆಂಟ್ ನಗರ. ಹೆಸರು ಬೆಸೆಂಟರದ್ದಾದರೂ ಊರು ಅವರ ಕಾಲದ್ದಲ್ಲ. ಬಹುಪಾಲು 1970ರ ದಶಕದಿಂದೀಚೆಗೆ ವಸತಿ ಮಂಡಳಿ ಬೆಳೆಸಿದ ಬಡಾವಣೆ. ಸಂಜೆಗೆ ಎಲಿಯಟ್ಸ್ ಬೀಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿನ ಬಿಳಿ ಕಮಾನು, 1930ರ ಡಿಸೆಂಬರಿನಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಪ್ರಾಣ ಬಿಟ್ಟ ಡೆನ್ಮಾರ್ಕಿನ ಕಾರ್ಲ್ ಸ್ಮಿತ್‌ನ ಸ್ಮಾರಕ. ಉತ್ತರಕ್ಕೆ ಹೋದರೆ ಊರೂರ್ ಆಲ್ಕಾಟ್ ಕುಪ್ಪಂ, ಮೀನುಗಾರರ ಹಳ್ಳಿ. ಕರ್ನಲ್ ಆಲ್ಕಾಟ್ 1894ರಲ್ಲಿ ಅಸ್ಪೃಶ್ಯರೆಂದು ದೂರವಿಟ್ಟ ಮಕ್ಕಳಿಗಾಗಿ ಇಲ್ಲೇ ಹತ್ತಿರ ಉಚಿತ ಶಾಲೆ ತೆರೆದರು. ಆಲ್ಕಾಟ್ ಮೆಮೊರಿಯಲ್ ಶಾಲೆ ಇಂದಿಗೂ ನಡೆಯುತ್ತಿದೆ. ಹೊಳೆದಂಡೆಯ ಬಂಗಲೆಗಿಂತ, ಅದರ ಸಭಾಂಗಣದ ಗೋಡೆಗಳ ಮೇಲಿನ ಧರ್ಮಸಂಸ್ಥಾಪಕರ ಉಬ್ಬುಶಿಲ್ಪಗಳಿಗಿಂತ, ಆ ತೋಟದಿಂದ ಹೊರಟ ದೊಡ್ಡ ಕೆಲಸ ಈ ಶಾಲೆ.

ತೋಟ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ ಎಂಬ ದೂರು ಚೆನ್ನೈಯಲ್ಲಿದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮರುದಿನ ಹುಲ್ಲುಹಾಸಿನ ಪಾಡನ್ನು ಕಂಡವರಿಗೆ ಈ ಕಟ್ಟುನಿಟ್ಟು ಸರಿಯೆಂದೇ ಅನ್ನಿಸುತ್ತದೆ. ಸಡಿಲಿಸಬೇಕಾದದ್ದು ಒಂದೇ ಕಡೆ: ಹೊಳೆಯ ಎರಡೂ ದಡಗಳ ಸರ್ಕಾರಿ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಆ ಮರಗಳ ಕೆಳಗೆ ಕರೆತಂದು ಕೂರಿಸಬೇಕು.

ಬೆಂಗಳೂರಿನಿಂದ ಹೊರಡುವವರು ವಾರದ ದಿನವನ್ನೇ ಆರಿಸಿಕೊಳ್ಳಿ. ಭಾನುವಾರ ಹೋದರೆ ಮುಚ್ಚಿದ ಬಾಗಿಲು ನೋಡಿ ಬರಬೇಕಾದೀತು. ಬೆಳಗ್ಗೆ ಮತ್ತು ಮಧ್ಯಾಹ್ನದ ಮೇಲೆ ಕೆಲವೇ ತಾಸು ಪ್ರವೇಶ, ವೇಳೆ ಆಗಾಗ ಬದಲಾಗುವುದರಿಂದ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ, ನಡೆಯುವುದು ಬಹಳವಿದೆ. ಆಲದ ಹತ್ತಿರ ಹೋದಾಗ ತಲೆಯ ಮೇಲೆ ತೂಗುವ ಎಳೆಯ ಬಿಳಲನ್ನು ಕೈಯಿಂದ ಜಗ್ಗಬೇಡಿ. ಅದು ಇನ್ನೂ ನೆಲ ಮುಟ್ಟಿಲ್ಲ.